ಓದುಗರ ಪ್ರಶ್ನೆ: ರೋಟೊರುವಾಕ್ಕೆ ಹೊರಡುವ ಮುನ್ನ

ನ್ಯೂಜಿಲೆಂಡಿನ ಉತ್ತರ ದ್ವೀಪದ ರೋಟೊರುವಾ ಆ ದೇಶದ ಮೂಲನಿವಾಸಿಗಳಾದ ಮಾವೋರಿ ಜನರ ಊರು. ಅಲ್ಲಿ ನೆಲದಿಂದ ಹಬೆ ಏಳುತ್ತದೆ, ಕೆಸರು ಕುದಿಯುತ್ತದೆ, ಸುತ್ತಲಿನ ಕಾಡು ನದಿಗಳಲ್ಲಿ ಸಾಹಸ ಕ್ರೀಡೆಗಳು ನಡೆಯುತ್ತವೆ. ಆ ಊರಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ. ಟಿಕೆಟ್ ದರಗಳು ಆಗಾಗ ಬದಲಾಗುವುದರಿಂದ ಅವನ್ನು ಕೊಟ್ಟಿಲ್ಲ.

ಪ್ರ: ಮಗಳು ಆಕ್ಲೆಂಡಿನಲ್ಲಿದ್ದಾಳೆ. ಅಲ್ಲಿಂದ ರೋಟೊರುವಾಕ್ಕೆ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು ಎನ್ನುತ್ತಾಳೆ. ಅಷ್ಟು ಸಾಕೇ? (ಹಾಸನ)

ಉ: ಹೋಗಿ ಬರಬಹುದು, ಆದರೆ ಊರು ಕೈಗೆ ಸಿಗುವುದಿಲ್ಲ. ಒಂದು ಕಡೆಗೆ ಸುಮಾರು 230 ಕಿಲೋಮೀಟರ್, ಕಾರಿನಲ್ಲಿ ಮೂರು ಗಂಟೆ. ಆರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ರೋಟೊರುವಾದ ಮುಖ್ಯ ಸಂಗತಿಗಳು ದಿನದ ಎರಡು ತುದಿಗಳಲ್ಲಿವೆ. ವೈ-ಓ-ಟಾಪು ಎಂಬ ಬಿಸಿನೀರಿನ ಉದ್ಯಾನದ ಲೇಡಿ ನಾಕ್ಸ್ ಬುಗ್ಗೆ ಚಿಮ್ಮುವುದು ಬೆಳಿಗ್ಗೆ 10.15ಕ್ಕೆ, ದಿನಕ್ಕೆ ಒಂದೇ ಸಲ. ಮಾವೋರಿ ಹಾಡು, ಹಾಕಾ ಎಂಬ ಯುದ್ಧನೃತ್ಯ, ಊಟ ಎಲ್ಲ ಇರುವ ಕಾರ್ಯಕ್ರಮಗಳು ಸಂಜೆಗೆ. ಒಂದೇ ದಿನದಲ್ಲಿ ಬಂದವರಿಗೆ ಎರಡೂ ತಪ್ಪಿ, ನಡುವಿನ ನೂಕುನುಗ್ಗಲು ಮಾತ್ರ ಸಿಗುತ್ತದೆ.

ಎರಡು ರಾತ್ರಿ ಇಟ್ಟುಕೊಳ್ಳಿ. ಮೊದಲ ದಿನ ನಿಧಾನವಾಗಿ ಹೊರಟು ಮಧ್ಯಾಹ್ನ ತಲುಪಿ. ‘ಲಾರ್ಡ್ ಆಫ್ ದ ರಿಂಗ್ಸ್’ ಸಿನಿಮಾಗಳ ಹಾಬಿಟನ್ ಚಿತ್ರಸೆಟ್ ನೋಡಬೇಕಿದ್ದರೆ ಅದು ಇರುವ ಮಟಮಾಟಾ ಈ ದಾರಿಯಲ್ಲೇ ಸಿಗುತ್ತದೆ, ಅದಕ್ಕೆ ಮೊದಲೇ ಸಮಯ ಕಾದಿರಿಸಿ. ಸಂಜೆ ಕುಯಿರಾವು ಪಾರ್ಕಿನಲ್ಲಿ ಸುತ್ತಾಡಿ. ಅದು ಊರ ನಡುವಿನ ಸಾರ್ವಜನಿಕ ಉದ್ಯಾನ, ಕುದಿಯುವ ಕೆಸರೂ ಇದೆ, ಕಾಲು ಮುಳುಗಿಸಿ ಕೂರುವ ಬಿಸಿನೀರಿನ ತೊಟ್ಟಿಯೂ ಇದೆ, ಎಲ್ಲ ಪುಕ್ಕಟೆ. ಅಲ್ಲಿಂದ ಸರೋವರದ ದಂಡೆಯಲ್ಲಿರುವ ಓಹಿನೆಮುಟುಗೆ ಹೋಗಿ. ಅಲ್ಲಿನ ಸೇಂಟ್ ಫೇತ್ಸ್ ಚರ್ಚಿನ ಕಿಟಕಿಯ ಗಾಜಿನಲ್ಲಿ ಮಾವೋರಿ ನಿಲುವಂಗಿ ತೊಟ್ಟ ಕ್ರಿಸ್ತನ ಚಿತ್ರ ಕೊರೆದಿದ್ದಾರೆ. ಆಸನದಲ್ಲಿ ಕೂತು ನೋಡಿದರೆ ಆತ ಹಿಂದಿನ ಸರೋವರದ ನೀರಿನ ಮೇಲೆ ನಡೆದು ಬರುತ್ತಿರುವಂತೆ ಕಾಣುತ್ತದೆ. ಓಹಿನೆಮುಟುದಲ್ಲಿ ಜನ ವಾಸವಾಗಿದ್ದಾರೆ, ಅದನ್ನು ಪ್ರದರ್ಶನದ ಊರೆಂದು ತಿಳಿಯಬೇಡಿ. ಸಮಾಧಿಗಳ ನಡುವೆ ಓಡಾಡುವುದು, ಕೇಳದೆ ಫೋಟೊ ತೆಗೆಯುವುದು ಬೇಡ.

ಎರಡನೇ ದಿನ ಬೆಳಿಗ್ಗೆ ವೈ-ಓ-ಟಾಪು, ಮಧ್ಯಾಹ್ನ ವಿಶ್ರಾಂತಿ ಅಥವಾ ವೈಮಾಂಗು ಕಣಿವೆ, ಸಂಜೆ ಮಾವೋರಿ ಕಾರ್ಯಕ್ರಮ. ಮೂರನೇ ಬೆಳಿಗ್ಗೆ ರೆಡ್‌ವುಡ್ ಕಾಡು ನೋಡಿಕೊಂಡು ಊಟ ಮುಗಿಸಿ ಹೊರಡಿ. ಸಾಯಂಕಾಲ ಜನ ಕೆಲಸ ಬಿಟ್ಟು ಮನೆಗೆ ಮರಳುವ ಹೊತ್ತಿಗೆ ಆಕ್ಲೆಂಡಿನ ದಕ್ಷಿಣ ಹೆದ್ದಾರಿಗೆ ಸಿಕ್ಕಿಬೀಳದಂತೆ ಲೆಕ್ಕ ಹಾಕಿ.

ಪ್ರ: ಟೆ ಪುಯಾ, ವೈ-ಓ-ಟಾಪು, ವೈಮಾಂಗು, ಹೆಲ್ಸ್ ಗೇಟ್ ಎಂದು ನಾಲ್ಕೈದು ಹೆಸರು ಕೇಳುತ್ತೇವೆ. ಎಲ್ಲಕ್ಕೂ ಪ್ರತ್ಯೇಕ ಟಿಕೆಟ್. ಎಲ್ಲವನ್ನೂ ನೋಡಬೇಕೇ? (ಬೆಂಗಳೂರು)

ಉ: ಬೇಡ. ಮೂರನೆಯದಕ್ಕೆ ಬರುವಷ್ಟರಲ್ಲಿ ಹಬೆಯೆಲ್ಲ ಒಂದೇ ಥರ ಕಾಣತೊಡಗುತ್ತದೆ. ಎರಡು ಸಾಕು, ಆ ಎರಡೂ ಬೇರೆ ಬೇರೆ ಬಗೆಯವಾಗಿರಲಿ.

ಬಣ್ಣ ನೋಡಬೇಕಿದ್ದರೆ ವೈ-ಓ-ಟಾಪು. ಊರಿನಿಂದ ದಕ್ಷಿಣಕ್ಕೆ 30 ಕಿಲೋಮೀಟರಿನಷ್ಟು ದೂರ. ಇಲ್ಲಿನ ಶಾಂಪೇನ್ ಪೂಲ್ ಸುಮಾರು 65 ಮೀಟರ್ ಅಗಲ, 60 ಮೀಟರಿಗೂ ಹೆಚ್ಚು ಆಳ, ಮೇಲ್ಮೈಯ ಬಿಸಿ 74 ಡಿಗ್ರಿಯಷ್ಟು. ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡಿನವು. ಅಂಚಿನ ಕಿತ್ತಳೆ ಬಣ್ಣ ಆರ್ಸೆನಿಕ್ ಮತ್ತು ಆಂಟಿಮನಿಯ ಸಲ್ಫೈಡುಗಳದು, ಹಾಗಾಗಿ ಮುಟ್ಟುವ ಮಾತೇ ಇಲ್ಲ. ಚಳಿಯ ಮುಂಜಾನೆ ಹೋದರೆ ದಟ್ಟ ಹಬೆಯಲ್ಲಿ ಬಣ್ಣವೇ ಕಾಣದೆ ಜನ ನಿರಾಶರಾಗುತ್ತಾರೆ. ಬಿಸಿಲು ಏರಿದ ಮೇಲೆ, ಅಂದರೆ ಲೇಡಿ ನಾಕ್ಸ್ ಮುಗಿಸಿಕೊಂಡು ಒಳಗೆ ಹೋಗುವುದೇ ಸರಿ. ಆದರೆ ಆ ಬುಗ್ಗೆ ಇರುವುದು ಉದ್ಯಾನದ ಒಳಗಲ್ಲ, ಬೇರೆ ಕಡೆ. ಮೊದಲು ಮುಖ್ಯ ಕಚೇರಿಯಲ್ಲಿ ಟಿಕೆಟ್ ಪಡೆದು ಮತ್ತೆ ಕಾರು ಹತ್ತಿ ಹೋಗಬೇಕು. 9.30ರ ಹೊತ್ತಿಗೆ ಟಿಕೆಟ್ ಕೈಯಲ್ಲಿರಲಿ. 10.10ಕ್ಕೆ ಕಚೇರಿಗೆ ಓಡಿಬರುವವರು ಪ್ರತಿದಿನ ಇರುತ್ತಾರೆ, ಅವರಿಗೆ ಸಿಗುವುದು ಒದ್ದೆ ಬಂಡೆ.

ಮಾವೋರಿ ಬದುಕು ಮತ್ತು ದೊಡ್ಡ ಬುಗ್ಗೆ ಎರಡೂ ಒಟ್ಟಿಗೆ ಬೇಕಿದ್ದರೆ ಊರಂಚಿನಲ್ಲೇ ಇರುವ ಫಾಕರೇವರೇವಾ ಕಣಿವೆ. ಇಲ್ಲಿ ಎರಡು ಬಾಗಿಲು, ಎರಡು ಟಿಕೆಟ್. ಒಂದು ಬಾಗಿಲು ಟೆ ಪುಯಾ. ಪೊಹುಟು ಬುಗ್ಗೆ, ಹಾರಲಾರದ ‘ಕಿವಿ’ ಹಕ್ಕಿಯ ಮನೆ, ಮರಗೆತ್ತನೆ ಮತ್ತು ನೇಯ್ಗೆ ಕಲಿಸುವ ರಾಷ್ಟ್ರೀಯ ಶಾಲೆಗಳು ಅದರೊಳಗಿವೆ. ವಿದ್ಯಾರ್ಥಿಗಳು ಉಳಿ ಹಿಡಿದು ಕೂತಿರುವುದನ್ನು ಹತ್ತಿರದಿಂದ ನೋಡಬಹುದು, ಹಾಗಾಗಿ ಕೆಲಸದ ದಿನ ಹೋಗುವುದು ಒಳ್ಳೆಯದು. ಇನ್ನೊಂದು ಬಾಗಿಲು ಫಾಕರೇವರೇವಾ ಹಳ್ಳಿ. ಟುಹೋರಂಗಿ ನಾಟಿ ವಾಹಿಯಾವೊ ಜನ ಇಲ್ಲಿ ಇಂದಿಗೂ ಮನೆಮಾಡಿಕೊಂಡಿದ್ದಾರೆ. ಬುಗ್ಗೆಯ ನೀರಿನಲ್ಲಿ ಬೇಯಿಸುತ್ತಾರೆ, ಸಂಜೆ ಅದೇ ನೀರನ್ನು ಹೊರಾಂಗಣದ ತೊಟ್ಟಿಗಳಿಗೆ ಹರಿಸಿ ಸ್ನಾನ ಮಾಡುತ್ತಾರೆ. ಮಾರ್ಗದರ್ಶಕರೂ ಅದೇ ಊರವರು. ಪೊಹುಟು ಚಿಮ್ಮುವುದು ಹಳ್ಳಿಯ ಕಡೆಯಿಂದಲೂ ಸ್ವಲ್ಪ ದೂರದಲ್ಲಿ ಕಾಣುತ್ತದೆ. ಕೆತ್ತನೆ, ಕಿವಿ ಹಕ್ಕಿ ಬೇಕೆಂದರೆ ಟೆ ಪುಯಾ, ಜನರ ಮಾತು ಬೇಕೆಂದರೆ ಹಳ್ಳಿ. ನಮ್ಮನ್ನು ಕೇಳಿದರೆ ಹಳ್ಳಿಗೇ ಮತ.

ವೈಮಾಂಗು ನಡೆಯುವವರ ಜಾಗ. 1886ರ ಜೂನ್ 10ರ ರಾತ್ರಿ ಟರವೆರಾ ಪರ್ವತ ಸಿಡಿದು ಸುಮಾರು 120 ಜನ ಸತ್ತರು, ಜಗತ್ತೇ ನೋಡಲು ಬರುತ್ತಿದ್ದ ಗುಲಾಬಿ ಮತ್ತು ಬಿಳಿ ಮೆಟ್ಟಿಲು ಬಂಡೆಗಳು ಮರೆಯಾದವು. ಆ ಬಿರುಕಿನಲ್ಲೇ ಹುಟ್ಟಿದ ಕಣಿವೆ ಇದು. ದಾರಿ ಪೂರ್ತಿ ಇಳಿಜಾರು, ಕೆಳಗಿನಿಂದ ಬಸ್ಸು ಮೇಲಕ್ಕೆ ಕರೆತರುತ್ತದೆ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದನ್ನು ಮರೆಯಬೇಡಿ, ನಡುವಿನ ನಿಲ್ದಾಣದಲ್ಲೇ ಬಸ್ಸು ಹತ್ತಬಹುದು. ಇನ್‌ಫರ್ನೊ ಕುಳಿಯ ತಿಳಿನೀಲಿ ನೀರು ಸುಮಾರು 38 ದಿನಗಳ ಸುತ್ತಿನಲ್ಲಿ ಏರಿ ಇಳಿಯುತ್ತದೆ. ನೀವು ಹೋದ ದಿನ ತುಂಬಿರಲೂಬಹುದು, ಆಳಕ್ಕೆ ಇಳಿದಿರಲೂಬಹುದು.

ಹೆಲ್ಸ್ ಗೇಟ್‌ಗೆ ಹೋಗುವುದು ಕೆಸರು ಸ್ನಾನಕ್ಕೆ. ಅದು ಬೇಡದವರು ಬಿಟ್ಟರೆ ನಷ್ಟವಿಲ್ಲ.

ಪ್ರ: ಲೇಡಿ ನಾಕ್ಸ್ ಬುಗ್ಗೆಗೆ ಸೋಪು ಹಾಕಿ ಚಿಮ್ಮಿಸುತ್ತಾರಂತೆ. ಹಾಗಾದರೆ ಅದು ಮೋಸವಲ್ಲವೇ? ಮಕ್ಕಳಿಗೆ ಹೇಗೆ ವಿವರಿಸುವುದು? (ವಿಜ್ಞಾನ ಶಿಕ್ಷಕರು, ಧಾರವಾಡ)

ಉ: ಮೋಸವಲ್ಲ, ಬಾಯಲ್ಲಿ ಹೇಳಿಯೇ ಎಲ್ಲರ ಮುಂದೆ ಹಾಕುತ್ತಾರೆ. ಸಾಬೂನು ಬುಗ್ಗೆಗೆ ಶಕ್ತಿ ಕೊಡುವುದಿಲ್ಲ, ಒಳಗಿರುವ ಶಕ್ತಿಗೆ ದಾರಿ ಬಿಡುತ್ತದೆ ಅಷ್ಟೆ. ಕೆಳಗಿನ ಕೋಣೆಯಲ್ಲಿ ಕುದಿಬಿಂದು ಮೀರಿದ ನೀರು, ಮೇಲಿನ ಕೋಣೆಯಲ್ಲಿ ಅಷ್ಟು ಬಿಸಿಯಿಲ್ಲದ ನೀರು. ಮೇಲಿನ ನೀರು ಮುಚ್ಚಳದಂತೆ ಕೂತು ಕೆಳಗಿನದನ್ನು ಒತ್ತಿಹಿಡಿದಿರುತ್ತದೆ. ಸಾಬೂನು ಮೇಲ್ಮೈ ಸೆಳೆತವನ್ನು ತಗ್ಗಿಸಿದಾಗ ಎರಡೂ ಬೆರೆಯುತ್ತವೆ, ಗುಳ್ಳೆಗಳು ಸುಲಭವಾಗಿ ಏಳುತ್ತವೆ. ಮೇಲಿನ ಒತ್ತಡ ಸ್ವಲ್ಪ ಇಳಿದರೂ ಸಾಕು, ಕೆಳಗಿನ ನೀರು ಒಮ್ಮೆಲೇ ಹಬೆಯಾಗಿ ಉಳಿದದ್ದನ್ನು ಹೊರಗೆ ತಳ್ಳುತ್ತದೆ. ಪ್ರೆಷರ್ ಕುಕ್ಕರಿನ ತೂಕ ಎತ್ತಿದಾಗ ಆಗುವುದೂ ಇದೇ ಎಂದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಇದು ಗೊತ್ತಾದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಅಲ್ಲಿದ್ದ ಬಯಲು ಜೈಲಿನ ಕೈದಿಗಳು ಬಿಸಿನೀರಿನಲ್ಲಿ ಬಟ್ಟೆ ಒಗೆಯಲು ಹೋದಾಗ.

ಯಾರೂ ಮುಟ್ಟದೆ ಚಿಮ್ಮುವುದು ಬೇಕೆಂದರೆ ಪೊಹುಟು ಇದೆ. ಸಾಮಾನ್ಯವಾಗಿ ಗಂಟೆಗೆ ಒಂದೆರಡು ಸಲ, ಕೆಲವೊಮ್ಮೆ 30 ಮೀಟರಿನವರೆಗೆ ಏಳುತ್ತದೆ. ಪಕ್ಕದಲ್ಲೇ ಪ್ರಿನ್ಸ್ ಆಫ್ ವೇಲ್ಸ್ ಫೆದರ್ಸ್ ಎಂಬ ಸಣ್ಣ ಬುಗ್ಗೆಯಿದೆ. ಅದು ಜೋರಾದರೆ ಪೊಹುಟುವಿನ ಸರದಿ ಹತ್ತಿರ ಬಂತೆಂದು ತಿಳಿದು ನಿಲ್ಲಿ, ಕ್ಯಾಮೆರಾ ಚೀಲಕ್ಕೆ ಹಾಕಬೇಡಿ.

ತರಗತಿಗೆ ಇನ್ನೊಂದು ಒಳ್ಳೆಯ ಪಾಠವೂ ಇಲ್ಲಿದೆ. ಊರಿನವರು ಮನೆ, ಹೋಟೆಲು ಬಿಸಿಮಾಡಲು ನೂರಾರು ಕೊಳವೆಬಾವಿ ಕೊರೆದು ನೆಲದ ಬಿಸಿನೀರು ಎತ್ತಿದ್ದರಿಂದ 1970ರ ದಶಕದಲ್ಲಿ ಬುಗ್ಗೆಗಳು ಸೊರಗತೊಡಗಿದವು. 1986ರಲ್ಲಿ ಸರಕಾರ ಪೊಹುಟುವಿನ ಸುತ್ತ 1.5 ಕಿಲೋಮೀಟರಿನೊಳಗಿನ ಕೊಳವೆಬಾವಿಗಳನ್ನು ಮುಚ್ಚಿಸಲು ನಿರ್ಧರಿಸಿತು. ಜನ ಪ್ರತಿಭಟಿಸಿದರು, ಆದರೂ ಮುಚ್ಚಿದರು. ನೀರಿನ ಮಟ್ಟ ಏರಿತು, ಬುಗ್ಗೆಗಳು ಚೇತರಿಸಿಕೊಂಡವು. 1979ರಲ್ಲಿ ನಿಂತಿದ್ದ ಪಾಪಾಕುರಾ ಬುಗ್ಗೆ 2015ರಲ್ಲಿ ಮತ್ತೆ ಚಿಮ್ಮಿತು. ಅಂತರ್ಜಲದ ಪಾಠ ಮಾಡುವ ನಮ್ಮ ಮೇಷ್ಟ್ರುಗಳಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಪ್ರ: ನಮ್ಮ ಇರ್ದೆಯ ಬೆಂದ್ರುತೀರ್ಥವೂ ಬಿಸಿನೀರಿನ ಬುಗ್ಗೆಯೇ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? (ಪುತ್ತೂರು)

ಉ: ಬಿಸಿಯ ಮೂಲದ್ದು. ದಕ್ಷಿಣ ಕನ್ನಡದ ನೆಲದ ಕೆಳಗೆ ಈಗ ಜ್ವಾಲಾಮುಖಿ ಇಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಆಳ ಹೆಚ್ಚಿದಂತೆ ತಾನಾಗಿ ಏರುವ ಭೂಮಿಯ ಶಾಖದಿಂದ ಬೆಚ್ಚಗಾಗಿ ಮೇಲೆ ಬರುತ್ತದೆ. ರೋಟೊರುವಾ ಇರುವುದು ಟೌಪೊ ಜ್ವಾಲಾಮುಖಿ ವಲಯದಲ್ಲಿ. ಪೆಸಿಫಿಕ್ ಭೂಫಲಕ ಉತ್ತರ ದ್ವೀಪದ ಅಡಿಗೆ ತೂರಿಕೊಳ್ಳುತ್ತಿರುವುದರಿಂದ ಅಲ್ಲಿ ಕರಗಿದ ಶಿಲೆ ಹೆಚ್ಚು ಆಳದಲ್ಲಿಲ್ಲ. ರೋಟೊರುವಾ ಸರೋವರ ಎರಡು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಸಿಡಿದು ಕುಸಿದ ಜ್ವಾಲಾಮುಖಿಯ ಬಟ್ಟಲು. ಬೆಂದ್ರುತೀರ್ಥಕ್ಕೆ ಇಳಿಯುವ ಅಭ್ಯಾಸದಲ್ಲಿ ಅಲ್ಲಿನ ನೀರಿಗೆ ಕೈ ಹಾಕಿದರೆ ಚರ್ಮ ಸುಲಿಯುತ್ತದೆ.

ಪ್ರ: ಊರಿಡೀ ಕೊಳೆತ ಮೊಟ್ಟೆಯ ವಾಸನೆಯಂತೆ. ನನಗೆ ಆಸ್ತಮಾ ಇದೆ. ಸಂಜೆಯ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆ ಉಡುವ ಆಸೆಯೂ ಇದೆ. (ಮೈಸೂರು)

ಉ: ಸೀರೆ ಆಕ್ಲೆಂಡಿನಲ್ಲೇ ಬಿಟ್ಟು ಬನ್ನಿ. ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು, ಅದು ಬೆಳ್ಳಿಗೆ ತಗುಲಿದರೆ ಕಪ್ಪಾಗುತ್ತದೆ. ಮೈಸೂರು ರೇಷ್ಮೆಯ ಅಸಲಿ ಜರಿಯಲ್ಲಿ ಬೆಳ್ಳಿಯ ಪಾಲು ದೊಡ್ಡದು. ಕಾಲುಂಗುರ, ಗೆಜ್ಜೆ, ಬೆಳ್ಳಿ ಉಡಿದಾರ ಹಬೆಯ ಹತ್ತಿರ ಒಂದೇ ದಿನದಲ್ಲಿ ಮಂಕಾಗಬಹುದು, ಬಿಸಿನೀರಿಗೆ ಇಳಿದರೆ ಗಂಟೆಯೊಳಗೆ. ಅಪ್ಪಟ ಚಿನ್ನಕ್ಕೆ ಏನೂ ಆಗದು, ಆದರೆ ತಾಮ್ರ, ಬೆಳ್ಳಿ ಬೆರೆಸಿದ ಒಡವೆ ಬಣ್ಣಗೆಡುತ್ತದೆ. ತೆಗೆಯಲಾಗದ್ದನ್ನು ಬಿಟ್ಟು ಉಳಿದದ್ದನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಆಸ್ತಮಾ ಇದ್ದವರು ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕು, ಇನ್‌ಹೇಲರ್ ಕೈಚೀಲದಲ್ಲೇ ಇರಬೇಕು. ತೆರೆದ ಬಯಲಿನಲ್ಲಿ ಬಹುಮಂದಿಗೆ ವಾಸನೆಯ ಕಿರಿಕಿರಿಯಷ್ಟೆ. ಅಪಾಯ ಇರುವುದು ಮುಚ್ಚಿದ ಮತ್ತು ತಗ್ಗಿನ ಜಾಗಗಳಲ್ಲಿ. ಈ ಅನಿಲ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಜೊತೆಗೆ ಮೂಗು ಬೇಗ ಅದಕ್ಕೆ ಒಗ್ಗಿಹೋಗುವುದರಿಂದ ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ. ನೆಲದ ಬಿಸಿನೀರು ಬಳಸುವ ಮೋಟೆಲ್‌ಗಳ ಸ್ನಾನದ ಕೋಣೆಯಲ್ಲಿ ಮುಚ್ಚಲಾಗದ ಗಾಳಿಕಿಂಡಿ ಇಟ್ಟಿರುವುದು ಇದಕ್ಕೇ. ಚಳಿಯೆಂದು ಅದಕ್ಕೆ ಟವೆಲ್ ತುರುಕಬೇಡಿ. ಹಾಗೆ ಗಾಳಿಯಿಲ್ಲದ ಬಿಸಿನೀರಿನ ಕೋಣೆಗಳಲ್ಲಿ ಈ ಊರಿನಲ್ಲಿ ಜೀವಗಳು ಹೋಗಿವೆ.

ಪ್ರ: ಅತ್ತೆಯವರಿಗೆ 70 ದಾಟಿದೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಾರೆ. ಬಿಸಿನೀರಿನ ಸ್ನಾನ ಮಾಡಿಸಬಹುದೇ? ಪುಕ್ಕಟೆ ಬಿಸಿ ಹೊಳೆಯೊಂದಿದೆ ಎಂದೂ ಕೇಳಿದ್ದೇವೆ. (ಶಿವಮೊಗ್ಗ)

ಉ: ವೈದ್ಯರು ಒಪ್ಪಿದರೆ, ಸರೋವರದ ದಂಡೆಯ ಪಾಲಿನೇಷಿಯನ್ ಸ್ಪಾದಂಥ ಕಡೆ ಹೋಗಿ. ಅಲ್ಲಿ ಬೇರೆ ಬೇರೆ ಬಿಸಿಯ ಕೊಳಗಳಿರುತ್ತವೆ, ಎಲ್ಲಕ್ಕಿಂತ ಕಡಿಮೆ ಬಿಸಿಯದರಿಂದ ಶುರುಮಾಡಿ. ಹತ್ತು ಹದಿನೈದು ನಿಮಿಷಕ್ಕೆ ಮೇಲೆ ಬಂದು ನೀರು ಕುಡಿಯಲಿ. ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿ ಒತ್ತಡ ಇಳಿದಿರುತ್ತದೆ, ಮಾತ್ರೆಯೂ ಇಳಿಸಿರುತ್ತದೆ. ತಟ್ಟನೆ ಎದ್ದು ನಿಂತರೆ ತಲೆಸುತ್ತಿ ಬೀಳುವುದು ಮೆಟ್ಟಿಲ ಬಳಿಯೇ. ಕೈಹಿಡಿದು ನಿಧಾನ ಏಳಿಸಿ. ಈಜುಡುಗೆ ಕಡ್ಡಾಯ, ಸೀರೆ ನೈಟಿಯಲ್ಲಿ ಬಿಡುವುದಿಲ್ಲ. ತೋಳು, ಮಂಡಿ ಮುಚ್ಚುವ ಈಜುಡುಗೆ ಅಲ್ಲಿ ಯಾರಿಗೂ ವಿಚಿತ್ರವಲ್ಲ. ಹಳೆಯದನ್ನೇ ಒಯ್ಯಿರಿ, ಎರಡು ಮೂರು ಸಲ ಒಗೆದರೂ ಗಂಧಕದ ವಾಸನೆ ಬಿಡದು.

ನೀವು ಕೇಳಿದ ಪುಕ್ಕಟೆ ಹೊಳೆ ಕೆರೊಸಿನ್ ಕ್ರೀಕ್. ವೈ-ಓ-ಟಾಪುವಿನ ದಾರಿಯಲ್ಲಿ ಹೆದ್ದಾರಿ ಬಿಟ್ಟು ಮಣ್ಣುರಸ್ತೆಗೆ ತಿರುಗಬೇಕು. ಕಾಡಿನ ನಡುವೆ ಚೆಂದದ ಜಾಗ, ಆದರೆ ಎರಡು ಎಚ್ಚರಿಕೆ. ನೆಲದಿಂದ ಬರುವ ಇಂಥ ನೀರಿನಲ್ಲಿ ತಲೆ ಮುಳುಗಿಸಬಾರದು. ಅಪರೂಪಕ್ಕೆ ಇರುವ ಒಂದು ಅಮೀಬಾ ಮೂಗಿನ ಮೂಲಕ ಮಿದುಳು ಸೇರಿದರೆ ಬದುಕುವುದು ಕಷ್ಟ. ತಲೆ ಮುಳುಗಿಸದ ನಿಯಮ ಊರಿನ ಎಲ್ಲ ಬಿಸಿ ಕೊಳಗಳಿಗೂ ಅನ್ವಯ, ತೀರ್ಥಸ್ನಾನದ ಅಭ್ಯಾಸದಲ್ಲಿ ಮೂರು ಮುಳುಗು ಹಾಕುವವರು ಗಮನಿಸಬೇಕು. ಇನ್ನೊಂದು, ಅಲ್ಲಿ ನಿಲ್ಲಿಸಿದ ಕಾರಿನ ಗಾಜು ಒಡೆದು ಕಳವು ಮಾಡುವುದುಂಟು. ಪಾಸ್‌ಪೋರ್ಟ್ ಕಾರಿನಲ್ಲಿ ಬಿಡಬೇಡಿ.

ಪ್ರ: ಮಾವೋರಿ ಸ್ವಾಗತದ ಸಮಯದಲ್ಲಿ ಹೇಗೆ ನಡೆದುಕೊಳ್ಳಬೇಕು? ಮಕ್ಕಳು ನಕ್ಕುಬಿಟ್ಟರೆ ಎಂಬ ಹೆದರಿಕೆ. (ಮಂಗಳೂರು)

ಉ: ಮಕ್ಕಳಿಗೆ ಹಿಂದಿನ ದಿನವೇ ಹೇಳಿಡಿ: ಕಣ್ಣು ಅಗಲಿಸುವುದು, ನಾಲಿಗೆ ಚಾಚುವುದು ಹಾಸ್ಯವಲ್ಲ, ಅದು ಅವರ ಯುದ್ಧಭಾವದ ಅಭಿನಯ. ಯಕ್ಷಗಾನದ ಬಣ್ಣದ ವೇಷ ಅಬ್ಬರಿಸಿದಾಗ ಕೂರುವಂತೆ ಕೂರಲಿ ಎಂದರೆ ನಿಮ್ಮ ಕಡೆಯ ಮಕ್ಕಳಿಗೆ ಬೇರೆ ವಿವರಣೆ ಬೇಕಾಗದು.

ಸ್ವಾಗತಕ್ಕೆ ಪೋಫಿರಿ ಎನ್ನುತ್ತಾರೆ. ಪ್ರವಾಸಿಗರ ಕಾರ್ಯಕ್ರಮಗಳಲ್ಲೂ ಅದರ ಕ್ರಮ ಹೆಚ್ಚುಕಡಿಮೆ ಉಳಿದಿದೆ. ಮೊದಲು ಅತಿಥಿಗಳಲ್ಲೊಬ್ಬರನ್ನು ಮುಖ್ಯಸ್ಥರಾಗಿ ಆರಿಸುತ್ತಾರೆ. ಸಾಮಾನ್ಯವಾಗಿ ಗಂಡಸು, ಅದು ನೀವೇ ಆಗಬಹುದು. ಯೋಧನೊಬ್ಬ ಆಯುಧ ತಿರುಗಿಸುತ್ತ ಹತ್ತಿರ ಬಂದು ನಿಮ್ಮ ಮುಂದೆ ಎಲೆಯನ್ನೋ ಕಡ್ಡಿಯನ್ನೋ ಇಡುತ್ತಾನೆ. ಬಂದವರು ಮಿತ್ರರೋ ಶತ್ರುಗಳೋ ಎಂಬ ಪರೀಕ್ಷೆ ಅದು. ಕದಲದೆ ನಿಂತು, ಅವನ ಮೇಲಿನ ದೃಷ್ಟಿ ತೆಗೆಯದೆ, ಬಾಗಿ ಅದನ್ನು ಎತ್ತಿಕೊಳ್ಳಬೇಕು. ನಗಬಾರದು, ಬೆನ್ನು ತಿರುಗಿಸಬಾರದು. ಆಮೇಲೆ ಹೆಂಗಸರ ಕರೆಯುವ ದನಿ ಕೇಳುತ್ತದೆ, ಆಗ ಮೌನವಾಗಿ ಗುಂಪಾಗಿ ನಡೆಯಬೇಕು. ಭಾಷಣ, ಹಾಡು ಮುಗಿದ ಮೇಲೆ ಹೊಂಗಿ: ಬಲಗೈ ಹಿಡಿದು ಮೂಗಿಗೆ ಮೂಗು, ಹಣೆಗೆ ಹಣೆ ಮೃದುವಾಗಿ ತಾಗಿಸುವುದು. ಕೆನ್ನೆಗೆ ಮುತ್ತಿಡಲು ಹೋಗಿ ಮೂಗು ಜಜ್ಜಿಸಿಕೊಳ್ಳುವವರು ಹಲವರು. ಕಣ್ಣು ಕೆಳಗಿಟ್ಟು ಅವರು ಮಾಡಿದಂತೆ ಮಾಡಿದರೆ ಸಾಕು.

ಸಭಾಮನೆಗೆ ಚಪ್ಪಲಿ ಬಿಟ್ಟು ಹೋಗಬೇಕು, ಒಳಗೆ ತಿನ್ನುವಂತಿಲ್ಲ. ಮಾವೋರಿಗಳಿಗೆ ತಲೆ ಪವಿತ್ರ, ಊಟ ಸಾಮಾನ್ಯ, ಎರಡನ್ನೂ ಬೆರೆಸಬಾರದು. ಅದಕ್ಕೇ ಊಟದ ಮೇಜಿನ ಮೇಲೆ ಕೂರಬಾರದು, ಟೋಪಿ ಇಡಬಾರದು, ದಿಂಬಿನ ಮೇಲೆ ಕೂರಬಾರದು, ಮುದ್ದೆಂದು ಮಕ್ಕಳ ತಲೆ ಸವರಬಾರದು. ವೇದಿಕೆಗೆ ಕರೆದು ಹಾಕಾ ಕಲಿಸಿದರೆ ಮನಸಾರೆ ಮಾಡಿ. ಹೊರಗೆ ಬಂದು ಅದನ್ನೇ ಅಣಕಿಸುತ್ತ ವಿಡಿಯೊ ಮಾಡುವುದು ಮಾತ್ರ ಅಸಹ್ಯ.

ಪ್ರ: ನಾವು ಸಸ್ಯಾಹಾರಿಗಳು. ಹಾಂಗಿ ಊಟ ಬಿಟ್ಟುಬಿಡಬೇಕೇ? (ಉಡುಪಿ)

ಉ: ಬಿಡಬೇಕಿಲ್ಲ, ಆದರೆ ಮೊದಲೇ ಮಾತಾಡದೆ ಹೋದರೆ ಬ್ರೆಡ್ಡು, ಸಲಾಡಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕಾಗುತ್ತದೆ.

ಹಾಂಗಿ ಮಾಡುವುದು ನೆಲದ ಕುಣಿಯಲ್ಲಿ. ಕಟ್ಟಿಗೆಯ ಬೆಂಕಿಯಲ್ಲಿ ಕಲ್ಲುಗಳನ್ನು ಕೆಂಪಗೆ ಕಾಯಿಸಿ ಕುಣಿಗೆ ಹಾಕುತ್ತಾರೆ. ಮೇಲೆ ಬುಟ್ಟಿಗಳಲ್ಲಿ ಕುರಿ, ಕೋಳಿ, ಹಂದಿ ಮಾಂಸ, ಅದರ ಮೇಲೆ ಆಲೂಗಡ್ಡೆ, ಕೂಮರಾ ಎಂಬ ಗೆಣಸು, ಕುಂಬಳ. ಒದ್ದೆ ಬಟ್ಟೆ ಹೊದಿಸಿ ಮಣ್ಣು ಮುಚ್ಚಿ ಮೂರು ಗಂಟೆಯಷ್ಟು ಬಿಡುತ್ತಾರೆ. ರೋಟೊರುವಾದಲ್ಲಿ ಕೆಲವೆಡೆ ಕಲ್ಲಿನ ಬದಲು ನೆಲದ ಹಬೆಯ ಪೆಟ್ಟಿಗೆಯಲ್ಲೇ ಬೇಯಿಸುತ್ತಾರೆ. ಎರಡರಲ್ಲೂ ತರಕಾರಿ, ಮಾಂಸ ಒಂದೇ ಹಬೆಯಲ್ಲಿ ಬೆಂದಿರುತ್ತವೆ. ಆದ್ದರಿಂದ “ತರಕಾರಿ ಇದೆಯೇ” ಎಂದು ಕೇಳಿದರೆ ಇದೆ ಎನ್ನುತ್ತಾರೆ, ಅದು ಸತ್ಯವೇ. ನೀವು ಕೇಳಬೇಕಾದದ್ದು “ಮಾಂಸದ ಜೊತೆ ಬೇಯಿಸದ ಊಟ ಬೇರೆಯಾಗಿ ಕೊಡುತ್ತೀರಾ” ಎಂದು. ಟಿಕೆಟ್ ಕಾದಿರಿಸುವಾಗಲೇ ಬರೆದು ತಿಳಿಸಿ, ಹಿಂದಿನ ದಿನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಬಹಳ ಕಡೆ ಅಡುಗೆಮನೆಯಲ್ಲಿ ಬೇರೆ ತಟ್ಟೆ ಸಿದ್ಧಮಾಡುತ್ತಾರೆ.

ಅಲ್ಲಿ ಸಸ್ಯಾಹಾರ ಎಂದರೆ ಮೊಟ್ಟೆ ಸೇರಿದ್ದೇ. ಮೊಟ್ಟೆ ತಿನ್ನದವರು ವೀಗನ್ ಎಂದೇ ಹೇಳುವುದು ಸುರಕ್ಷಿತ. ಸಿಹಿಗೆ ಬರುವ ಪಾವ್ಲೋವಾ ಪೂರ್ತಿ ಮೊಟ್ಟೆಯ ಬಿಳಿ. ಬ್ರೆಡ್ ತುಂಬಣದಲ್ಲಿ, ಕಂದು ಗ್ರೇವಿಯಲ್ಲಿ ಮಾಂಸದ ಸಾರಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು ಬೇಕೆಂದರೆ ಸಿಗುತ್ತದೆಂದು ನೆಚ್ಚಬೇಡಿ. ಅಂಥವರು ಟೆ ಪುಯಾದಲ್ಲಿ ಊಟವಿಲ್ಲದ ಹಗಲಿನ ಪ್ರದರ್ಶನದ ಟಿಕೆಟ್ ಪಡೆದು, ಊಟವನ್ನು ಕೋಣೆಯಲ್ಲೇ ಮಾಡಿಕೊಳ್ಳುವುದು ಮೇಲು. ಅಲ್ಲಿನ ಮೋಟೆಲ್‌ಗಳಲ್ಲಿ ಒಲೆ, ಪಾತ್ರೆ ಇರುವ ಕೋಣೆ ಸುಲಭವಾಗಿ ಸಿಗುತ್ತದೆ. ಫಾಕರೇವರೇವಾ ಹಳ್ಳಿಯಲ್ಲಿ ಬುಗ್ಗೆಯ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳ ರುಚಿ. ಅದೇ ಕೊಳಕ್ಕೆ ಬೇರೆ ಬುಟ್ಟಿಗಳೂ ಇಳಿಯುತ್ತವೆ ಎಂಬುದನ್ನು ಮಡಿವಂತರು ಗಮನಿಸಲಿ.

ಪ್ರ: ಉಪ್ಪಿನಕಾಯಿ, ತುಪ್ಪ, ಚಟ್ನಿಪುಡಿ ಒಯ್ಯಬಹುದೇ? (ಉಡುಪಿ, ಅದೇ ಓದುಗರು)

ಉ: ತಿನ್ನುವ ವಸ್ತು ಏನಿದ್ದರೂ ಪ್ರವೇಶದ ಅರ್ಜಿಯಲ್ಲಿ “ಇದೆ” ಎಂದು ಬರೆಯಿರಿ. ಬರೆದರೆ ಹೆಚ್ಚೆಂದರೆ ಆ ಪೊಟ್ಟಣ ಹೋಗುತ್ತದೆ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ, ಮರೆತ ಒಂದು ಸೇಬಿಗೂ ಅಷ್ಟೆ. ಜೇನು, ತಾಜಾ ಕರಿಬೇವು, ಹಸಿ ಹಣ್ಣು, ಮೊಳೆಯುವ ಬೀಜ ಬೇಡವೇ ಬೇಡ. ತುಪ್ಪ, ಹಾಲಿನ ಸಿಹಿತಿಂಡಿಗಳಿಗೆ ತೊಡಕು ಹೆಚ್ಚು, ಅಲ್ಲೇ ಕೊಳ್ಳಿ. ಚಾರಣದ ಬೂಟಿನ ಮಣ್ಣನ್ನೂ ತೊಳೆದು ಒಣಗಿಸಿ ಒಯ್ಯಬೇಕು, ಅದನ್ನೂ ನೋಡುತ್ತಾರೆ.

ಪ್ರ: ಕೈಟುನಾ ನದಿಯಲ್ಲಿ ಏಳು ಮೀಟರ್ ಜಲಪಾತದಿಂದ ರಾಫ್ಟ್ ಧುಮುಕಿಸುತ್ತಾರಂತೆ. ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿದ್ದೇವೆ. ಈಜು ಬಾರದು. (ಹುಬ್ಬಳ್ಳಿಯ ಗೆಳೆಯರ ಗುಂಪು)

ಉ: ದಾಂಡೇಲಿಯ ಅನುಭವ ಹುಟ್ಟು ಹಾಕಲು ಉಪಯೋಗಕ್ಕೆ ಬರುತ್ತದೆ, ನೀವು ಹೇಳಿದ ಆ ಟುಟಿಯಾ ಜಲಪಾತಕ್ಕೆ ಬರುವುದಿಲ್ಲ. ಪ್ರವಾಸಿಗರನ್ನು ಕೂರಿಸಿಕೊಂಡು ರಾಫ್ಟ್ ಇಳಿಸುವ ಜಲಪಾತಗಳಲ್ಲಿ ಇದು ಜಗತ್ತಿನಲ್ಲೇ ಎತ್ತರದ್ದೆಂದು ಹೆಸರು. ಅಂಕಿ ಏರಿದಷ್ಟು ಕಷ್ಟ ಎಂಬ ರಾಫ್ಟಿಂಗ್ ಲೆಕ್ಕದಲ್ಲಿ ನದಿ ಐದನೇ ದರ್ಜೆ. ನೀರಿನ ಮೇಲೆ ಇರುವುದು ಮುಕ್ಕಾಲು ಗಂಟೆಯಷ್ಟು ಮಾತ್ರ, ಆದರೆ ರಾಫ್ಟ್ ಮಗುಚುವುದು ಇಲ್ಲಿ ಅಪಘಾತವಲ್ಲ, ಆಗಬಹುದಾದ ಸಂಗತಿಗಳಲ್ಲೊಂದು. ಕೈ ಬಿಟ್ಟವರು ಜಲಪಾತದ ಬುಡದಲ್ಲಿ ಕೆಲವು ಕ್ಷಣ ನೀರಿನಡಿ ಇರುತ್ತಾರೆ. ಲೈಫ್ ಜಾಕೆಟ್ ಮೇಲೆತ್ತುತ್ತದೆ, ಆದರೆ ಈಜು ಬಾರದವರು ಆ ಕ್ಷಣಗಳಲ್ಲೇ ಗಾಬರಿಯಿಂದ ನೀರು ಎಳೆದುಕೊಳ್ಳುವುದು. ತಲೆ ನೀರಿನಲ್ಲಿ ಮುಳುಗಿದರೆ ಹೆದರಿಕೆಯಾಗುತ್ತದೆ ಎನ್ನುವವರು ಇದಕ್ಕೆ ಹೋಗಬಾರದು, ಗೆಳೆಯರು ಒತ್ತಾಯಿಸಲೂಬಾರದು. 13 ವರ್ಷದೊಳಗಿನವರನ್ನು ಒಯ್ಯುವುದಿಲ್ಲ.

ಹೋಗುವವರಿಗೆ: ದಡದಲ್ಲಿ ಕಲಿಸುವ ಭಂಗಿ ಚಾಚೂ ತಪ್ಪಬಾರದು. ಕೂಗಿದ ಕೂಡಲೇ ರಾಫ್ಟಿನೊಳಗೆ ಕುಸಿದು ಕೂತು, ಹುಟ್ಟನ್ನು ಹೇಳಿಕೊಟ್ಟಂತೆ ಹಿಡಿದು, ಒಳಗಿನ ಹಗ್ಗ ಬಿಗಿಹಿಡಿದು, ಗದ್ದ ಎದೆಗೆ ಒತ್ತಿಕೊಳ್ಳಬೇಕು. ಹಲ್ಲು, ತುಟಿಗೆ ಪೆಟ್ಟಾಗುವುದು ಬಂಡೆಯಿಂದಲ್ಲ, ಪಕ್ಕದವರ ಹುಟ್ಟಿನಿಂದ ಮತ್ತು ಹೆಲ್ಮೆಟ್ಟಿನಿಂದ. ನೀರಿಗೆ ಬಿದ್ದರೆ ಮೇಲೆ ಬಂದ ಮೇಲೆ ಬೆನ್ನ ಮೇಲೆ ತೇಲುತ್ತ ಕಾಲು ಮುಂದಕ್ಕಿಡಿ, ನಿಲ್ಲಲು ನೋಡಬೇಡಿ. ಕಲ್ಲಿನ ಸಂದಿಗೆ ಪಾದ ಸಿಕ್ಕರೆ ಹರಿವು ಮುಖವನ್ನು ನೀರಿಗೆ ಒತ್ತುತ್ತದೆ. ಉಂಗುರ, ಕನ್ನಡಕ ತೆಗೆದಿಡಿ. ಈಜುಡುಗೆ, ಟವೆಲ್ ನಿಮ್ಮದು, ಉಳಿದ ಉಡುಪು ಅವರೇ ಕೊಡುತ್ತಾರೆ. ನದಿಯ ಮಟ್ಟ ಏರಿದ ದಿನ ಜಲಪಾತ ಬಿಟ್ಟು ಬೇರೆ ನದಿಗೆ ಒಯ್ಯುವುದುಂಟು, ಅದಕ್ಕೆ ಜಗಳ ತೆಗೆಯಬೇಡಿ.

ಈಜು ಬಾರದವರಿಗೆ ರಂಗಿಟೈಕಿ ನದಿಯ ಮೂರನೇ ದರ್ಜೆಯ ಭಾಗ ತಕ್ಕದ್ದು. ಅಥವಾ ಒಕೆರೆ ಫಾಲ್ಸ್‌ನ ಕಾಲುದಾರಿಯಲ್ಲಿ ನಿಂತು ಬೇರೆಯವರು ಧುಮುಕುವುದನ್ನು ನೋಡಿ. ಊರಿನಿಂದ 20 ಕಿಲೋಮೀಟರಿನಷ್ಟು, ಟಿಕೆಟ್ ಇಲ್ಲ, ಮಜಾ ಅಷ್ಟೇ.

ಸಾಹಸದಲ್ಲಿ ಪೆಟ್ಟಾದರೆ ಪ್ರವಾಸಿಗರ ಚಿಕಿತ್ಸೆಯ ವೆಚ್ಚದ ಬಹುಪಾಲನ್ನೂ ನ್ಯೂಜಿಲೆಂಡಿನ ಎಸಿಸಿ ಅಪಘಾತ ವ್ಯವಸ್ಥೆ ನೋಡಿಕೊಳ್ಳುತ್ತದೆ. ಕಾಯಿಲೆಗೆ, ತಪ್ಪಿದ ವಿಮಾನಕ್ಕೆ, ಊರಿಗೆ ಮರಳುವ ಖರ್ಚಿಗೆ ಅದು ಬಾರದು. ಪ್ರವಾಸ ವಿಮೆ ಬೇಕೇ ಬೇಕು, ಅದರಲ್ಲಿ ರಾಫ್ಟಿಂಗ್ ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ.

ಪ್ರ: ಮಕ್ಕಳ ಶಾಲೆಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಹೋಗಬಹುದೇ? ರೆಡ್‌ವುಡ್ ಮರಗಳ ನಡುವಿನ ರಾತ್ರಿ ನಡಿಗೆ ಆಗ ಇರುತ್ತದೆಯೇ? (ತುಮಕೂರು)

ಉ: ಅದು ಅಲ್ಲಿನ ಶರತ್ಕಾಲ, ಒಳ್ಳೆಯ ಹೊತ್ತು. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಅಲ್ಲಿಯವರಿಗೇ ರಜೆ, ಕೋಣೆ ಸಿಗದು. ಏಪ್ರಿಲ್‌ನಲ್ಲಿ ಈಸ್ಟರ್ ವಾರ ಮಾತ್ರ ತಪ್ಪಿಸಿ. ರೋಟೊರುವಾ ಸಮುದ್ರಮಟ್ಟದಿಂದ 280 ಮೀಟರ್ ಎತ್ತರದಲ್ಲಿರುವುದರಿಂದ ಮೇ ತಿಂಗಳ ರಾತ್ರಿಗಳು ಚಳಿ, ಸ್ವೆಟರ್ ಜೊತೆ ಗಾಳಿ, ಮಳೆ ತಡೆಯುವ ಜಾಕೆಟ್ ಬೇಕು. ಛತ್ರಿ ಗಾಳಿಗೆ ನಿಲ್ಲದು.

ರಾತ್ರಿ ನಡಿಗೆಗೆ ಮಕ್ಕಳಿದ್ದವರಿಗೆ ಮೇ ತಿಂಗಳೇ ವಾಸಿ. ನಡುಬೇಸಿಗೆಯಲ್ಲಿ ಕತ್ತಲಾಗುವುದು ಒಂಬತ್ತರ ಮೇಲೆ, ಮಕ್ಕಳು ತೂಕಡಿಸುತ್ತಿರುತ್ತಾರೆ. ಮೇ ತಿಂಗಳಲ್ಲಿ ಆರಕ್ಕೆಲ್ಲ ಕತ್ತಲು. ಈ ಮರಗಳನ್ನು ಕ್ಯಾಲಿಫೋರ್ನಿಯಾದ ತಳಿಯಿಂದ 1901ರಲ್ಲಿ ನೆಟ್ಟದ್ದು. ಅವುಗಳ ನಡುವೆ 28 ತೂಗುಸೇತುವೆ, ಒಟ್ಟು 700 ಮೀಟರ್ ನಡಿಗೆ, ಕತ್ತಲಾದ ಮೇಲೆ ಕಾಡಿನ ತುಂಬ ಲಾಂದ್ರಗಳು. ಸೇತುವೆ ಅಲುಗಾಡುತ್ತದೆ, ತಳ್ಳುಗಾಡಿ ಒಯ್ಯಲಾಗದು, ಎತ್ತರದ ಭಯವಿದ್ದವರು ನೆಲದ ಮೇಲೇ ನಡೆಯಲಿ. ನೆಲದ ಹಾದಿಗಳಿಗೆ ಟಿಕೆಟ್ ಇಲ್ಲ. ಇದೇ ಕಾಡಿನಲ್ಲಿ ಮೌಂಟನ್ ಬೈಕಿಗೆ 160 ಕಿಲೋಮೀಟರಿಗೂ ಹೆಚ್ಚು ಹಾದಿಗಳಿವೆ. ಹೊಸಬರು ಹಸಿರು ಗುರುತಿನದನ್ನು ಬಿಟ್ಟು ಕದಲಬೇಡಿ. ಬೆಂಗಳೂರಿನ ಬಳಿಯ ನಂದಿಬೆಟ್ಟ ಹತ್ತಿದ ದಮ್ಮು ಇಲ್ಲಿ ಕೆಲಸಕ್ಕೆ ಬಾರದು, ಬೇಕಾದದ್ದು ಬೇರಿನ ಮೇಲೆ ಬ್ರೇಕು ಹಿಡಿಯುವ ಹದ: ಮುಂದಿನ ಬ್ರೇಕನ್ನು ತಿರುವಿನಲ್ಲಿ ಒತ್ತಿದವರು ಹ್ಯಾಂಡಲ್ ಮೇಲಿಂದ ಹಾರುತ್ತಾರೆ. ಹೆಲ್ಮೆಟ್ ಕಾನೂನಿನಂತೆ ಕಡ್ಡಾಯ. ಮರ ಕಡಿಯುವ ಕೆಲಸವಿದ್ದಾಗ ಹಾದಿ ಮುಚ್ಚಿರುತ್ತಾರೆ, ಆ ಫಲಕ ದಾಟಬೇಡಿ.

ಪ್ರ: ಕರ್ನಾಟಕದ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆಯೇ? (ಬೆಳಗಾವಿ)

ಉ: ಇಂಗ್ಲಿಷಿನಲ್ಲಿ ಮುದ್ರಿಸಿದ, ಅವಧಿ ಮುಗಿಯದ ಲೈಸೆನ್ಸ್ ಪ್ರವಾಸಿಗರಿಗೆ ನಡೆಯುತ್ತದೆ. ಬಾಡಿಗೆ ಕಾರಿನವರು ಕೇಳಬಹುದಾದ್ದರಿಂದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಳ್ಳಿ. ಎಡಬದಿಯ ಸಂಚಾರ, ಅದು ಸಲೀಸು. ಎಡವುವುದು ಬೇರೆ ಕಡೆ. ವೃತ್ತದಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಲೇಬೇಕು, ನುಗ್ಗುವಂತಿಲ್ಲ. ಒಂದೇ ಸಾಲಿನ ಸೇತುವೆಯಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನಿಂತು ಎದುರಿನವರನ್ನು ಬಿಡಬೇಕು. ಹೆದ್ದಾರಿಯಲ್ಲಿ ಸಾಮಾನ್ಯ ಮಿತಿ 100, ಊರಲ್ಲಿ 50. ಏಳು ತುಂಬದ ಮಕ್ಕಳಿಗೆ ವಿಶೇಷ ಆಸನ ಕಡ್ಡಾಯ, ಮಡಿಲಲ್ಲಿ ಕೂರಿಸಿಕೊಂಡರೆ ದಂಡ. ಭಾರತದಿಂದ ಬಂದಿಳಿದ ದಿನವೇ ಮೂರು ಗಂಟೆ ಕಾರು ಓಡಿಸಬೇಡಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಆರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಏಳೂವರೆ. ಅವರ ಮಧ್ಯಾಹ್ನಕ್ಕೆ ನಿಮ್ಮ ದೇಹದಲ್ಲಿ ಇನ್ನೂ ಬೆಳಗಿನ ಜಾವ.

ಪ್ರ: ಸರಕಾರಿ ತೋಟದಲ್ಲಿರುವ ಹಳೆಯ ಸ್ನಾನಗೃಹದ ವಸ್ತುಸಂಗ್ರಹಾಲಯ ನೋಡಬಹುದೇ? (ಮಡಿಕೇರಿ)

ಉ: 1908ರ ಆ ಕಟ್ಟಡವನ್ನು 2016ರ ಭೂಕಂಪದ ನಂತರ ಬಲಪಡಿಸುವ ಕೆಲಸಕ್ಕಾಗಿ ಮುಚ್ಚಿದ್ದಾರೆ. ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೋಗಿ. ಹೊರಗಿನ ತೋಟ ತೆರೆದಿರುತ್ತದೆ, ಅದಕ್ಕೆ ಟಿಕೆಟ್ ಇಲ್ಲ.